ಮೇಲಿನಿಂದ ಕೆಳಕ್ಕೆ ಕೆತ್ತಿದ ಗೋರಿಗಳು

ಸೌದಿ ಅರೇಬಿಯಾದ ವಾಯವ್ಯದಲ್ಲಿ, ಅಲ್‌ಉಲಾ ಊರಿನ ಆಚೆ, ಹೆಗ್ರಾ ಎಂಬ ಪ್ರಾಚೀನ ಊರಿನ ಜಾಗದಲ್ಲಿ, ಮರಳ ಬಯಲಿನ ನಡುವೆ ಒಂದೇ ಒಂದು ಬಂಡೆ ನಿಂತಿದೆ. ಅದರ ಒಂದು ಮಗ್ಗುಲನ್ನು ಗೋರಿಯಾಗಿ ಕಡೆದಿದ್ದಾರೆ. ಜನ ಅದನ್ನು ಖಸ್ರ್ ಅಲ್ ಫರೀದ್, ಎಂದರೆ ಒಂಟಿ ಕೋಟೆ ಎನ್ನುತ್ತಾರೆ. ಎತ್ತರ ಸುಮಾರು 22 ಮೀಟರ್. ನೆತ್ತಿಯ ಮೆಟ್ಟಿಲು ಅಲಂಕಾರ, ಅದರಡಿಯ ಪಟ್ಟಿಕೆಗಳು ನುಣುಪಾಗಿವೆ. ಕೆಳಗಿಳಿದಂತೆ ಕಲ್ಲು ಒರಟಾಗುತ್ತ ಹೋಗುತ್ತದೆ. ಬುಡದಲ್ಲಿ ಬರೀ ಉಳಿಯ ಗೀರುಗಳು. ಕೆಲಸ ಅರ್ಧಕ್ಕೇ ನಿಂತುಹೋಗಿದೆ. ಇಲ್ಲಿನ ಎಲ್ಲ ಗೋರಿಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ. ಪೂರ್ತಿಯಾದ ಗೋರಿಗಳಲ್ಲಿ ಸುಲಭಕ್ಕೆ ಕಾಣದ ಕೆಲಸದ ಕ್ರಮ ಇಲ್ಲಿ ಹಾಗೇ ಉಳಿದಿದೆ.

ಕಲ್ಲುಕುಟಿಗರು ಕೆಲಸ ಶುರುಮಾಡುತ್ತಿದ್ದುದು ಮೇಲಿನಿಂದ. ಬಂಡೆಯಲ್ಲೇ ಒಂದು ಜಗಲಿ ಕಡಿದುಕೊಂಡು, ಅದರ ಮೇಲೆ ನಿಂತು ಎದುರಿನ ಗೋಡೆಯನ್ನು ತಿದ್ದಿ, ಆಮೇಲೆ ನಿಂತ ಜಗಲಿಯನ್ನೇ ಕಡಿಯುತ್ತ ಇಳಿಯುತ್ತಿದ್ದರು. ನೆಲದಿಂದ ಎತ್ತರದ ಸಾರುವೆ ಕಟ್ಟುವ ಅಗತ್ಯವಿಲ್ಲ. ಮರವೇ ಅಪರೂಪವಾದ ಮರುಭೂಮಿಯಲ್ಲಿ ಇದು ಸಣ್ಣ ಅನುಕೂಲವಲ್ಲ. ಮೇಲಿನಿಂದ ಉದುರುವ ಕಲ್ಲುಚೂರು ಮುಗಿದ ಕೆತ್ತನೆಗೆ ಬಡಿಯುವ ಭಯವೂ ಇಲ್ಲ. ಕಲ್ಲೂ ಸಹಕರಿಸಿತು. ಅದು ಮರಳುಗಲ್ಲು, ಉಳಿಗೆ ಬೇಗ ಬಗ್ಗುತ್ತದೆ.

ಧೂಪದ ವ್ಯಾಪಾರದಲ್ಲಿ ಸಿರಿವಂತರಾದ ಪ್ರಾಚೀನ ಅರಬ್ ಜನ ನಬಾಟಿಯನ್ನರಿಗೆ, ಇಂದಿನ ಜೋರ್ಡಾನಿನಲ್ಲಿರುವ ರಾಜಧಾನಿ ಪೆಟ್ರಾ ಬಿಟ್ಟರೆ ಹೆಗ್ರಾವೇ ದೊಡ್ಡ ಊರು. ಇಲ್ಲಿ 111 ದೊಡ್ಡ ಗೋರಿಗಳಿವೆ, ಅವುಗಳಲ್ಲಿ 94 ಅಲಂಕೃತ. ಪೆಟ್ರಾದ ಗೋರಿಗಳ ಒಡೆಯರು ಯಾರೆಂಬುದು ಬಹುಪಾಲು ತಿಳಿಯದು. ಹೆಗ್ರಾದಲ್ಲಿ ಹಾಗಲ್ಲ, ಎಷ್ಟೋ ಬಾಗಿಲುಗಳ ಮೇಲೆ ಒಡೆತನದ ಪತ್ರವೇ ಕಲ್ಲಿನಲ್ಲಿದೆ.

ಕಮ್‌ಕಮ್ ಎಂಬಾಕೆಯ ಗೋರಿ ನೋಡಿ. ನಬಾಟಿಯನ್ನರ ದೊರೆ ಹಾರಿತತ್‌ನ ಆಳ್ವಿಕೆಯ 9ನೇ ವರ್ಷ, ಅಂದರೆ ಕ್ರಿಸ್ತಶಕ ಆರಂಭವಾಗುವ ಹೊತ್ತು. ಮಗಳು ಕುಲೈಬತ್ ಜೊತೆ ಸೇರಿ, ತಮಗೂ ಇಬ್ಬರ ಸಂತತಿಗೂ ಆಕೆ ಇದನ್ನು ಮಾಡಿಸಿದಳು. ಇದನ್ನು ಮಾರಿದವರಿಗೆ, ಕೊಂಡವರಿಗೆ, ಅಡವಿಟ್ಟವರಿಗೆ, ಬಾಡಿಗೆಗೆ ಕೊಟ್ಟವರಿಗೆ, ಒಳಗಿನ ಹೆಣ ತೆಗೆದವರಿಗೆ ದುಶಾರಾ ಮೊದಲಾದ ದೇವತೆಗಳ ಶಾಪ. ಶಾಪವೊಂದನ್ನೇ ನೆಚ್ಚದೆ 1,000 ಸೆಲಾ ನಾಣ್ಯದ ದಂಡವನ್ನೂ ಹೇಳಿದ್ದಾಳೆ. ತಾಯಿ ಅಥವಾ ಮಗಳು ಬರೆದುಕೊಟ್ಟ ಪತ್ರ ಕೈಯಲ್ಲಿದ್ದವನಿಗೆ ಮಾತ್ರ ವಿನಾಯಿತಿ. ಎರಡು ಸಾವಿರ ವರ್ಷದ ಹಿಂದೆ ಹೆಂಗಸೊಬ್ಬಳು ತನ್ನ ಹೆಸರಿನ ಆಸ್ತಿಗೆ ಇಷ್ಟು ಬಿಗಿಯಾಗಿ ಕಾಗದ ಮಾಡಿಸಿದ್ದನ್ನು ಓದಿದಾಗ ನನಗೆ ಅವಳ ಮೇಲೆ ಗೌರವ ಉಕ್ಕಿತು. ಕೊನೆಯಲ್ಲಿ ಕೆತ್ತಿದವನ ಹೆಸರೂ ಇದೆ: ಅಬ್ದ್‌ಓಬೋದತ್‌ನ ಮಗ ವಹ್ಬ್‌ಅಲ್ಲಾಹಿ.

ಬಗ್ಗುವ ಕಲ್ಲು ಸವೆಯುವುದೂ ಬೇಗ. ನೆಲದ ತೇವ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಮೇಲೇರುವಾಗ ಉಪ್ಪನ್ನೂ ಒಯ್ಯುತ್ತದೆ. ನೀರು ಆರಿದ ಮೇಲೆ ಉಪ್ಪು ಹರಳುಗಟ್ಟಿ ಮರಳಿನ ಕಣಗಳನ್ನು ಒಂದರಿಂದೊಂದು ಬಿಡಿಸುತ್ತದೆ. ಇಂಥ ಕಲ್ಲಿನ ಗೋಡೆ ಬುಡದಲ್ಲೇ ಮೊದಲು ಪುಡಿಯಾಗುವುದು ಇದರಿಂದ. ವಹ್ಬ್‌ಅಲ್ಲಾಹಿಯ ಹೆಸರು ಬಾಗಿಲಿನ ಮೇಲಿದೆ, ಇವತ್ತಿಗೂ ಓದಬಹುದು.