ಭಟ್ಟಿಯ ಹೊಗೆ ಕಾಣುತ್ತದೆ, ಗ್ಯಾಸ್ ಕಾಣುವುದಿಲ್ಲ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಚಳಿಗಾಲದ ನಸುಕಿನಲ್ಲಿ ಹೋಗಿ ನೋಡಿ. ಹೊಗೆ ಸ್ವಲ್ಪ ಮೇಲೆದ್ದು, ಕಂಬಳಿ ಹಾಸಿದಂತೆ ಓಣಿಯ ಮೇಲೇ ಮಲಗಿರುತ್ತದೆ. ಅದೇ ಹೊಗೆ ಏಪ್ರಿಲ್ ಮಧ್ಯಾಹ್ನ ಮೇಲೆ ಕೆಳಗೆ ಹೊರಳಾಡಿ ಚದುರಿಹೋಗುತ್ತದೆ. ಭಟ್ಟಿಯವರಿಗೆ ಇದೇನು ಹೊಸದಲ್ಲ. ಬ್ರಿಟನ್ನಿನ ಹವಾಮಾನ ವಿಜ್ಞಾನಿ ಫ್ರಾಂಕ್ ಪ್ಯಾಸ್ಕ್ವಿಲ್ 1961ರಲ್ಲಿ ಇದನ್ನೇ ಲೆಕ್ಕಕ್ಕೆ ತಂದರು. ಬಿಸಿಲು, ಗಾಳಿಯ ವೇಗ, ರಾತ್ರಿಯ ಮೋಡ ನೋಡಿ ಗಾಳಿ ಹೊಗೆಯನ್ನು ಎಷ್ಟು ಕಲಕುತ್ತದೆ ಎನ್ನುವುದಕ್ಕೆ 'ಎ'ಯಿಂದ (ತುಂಬಾ ಕಲಕುವುದು) 'ಎಫ್'ವರೆಗೆ (ಕಲಕದೇ ಇರುವುದು) 6 ದರ್ಜೆ ಮಾಡಿದರು. ಗಾಳಿ ಕಡಿಮೆಯಿದ್ದರೆ ನಮ್ಮ ಏಪ್ರಿಲ್ ಮಧ್ಯಾಹ್ನ 'ಎ', ಆ ಚಳಿಯ ನಸುಕು 'ಎಫ್'.

ಹೊಗೆಯೇನೋ ಕಣ್ಣಿಗೆ ಬೀಳುತ್ತದೆ. ಮೀಥೇನ್, ಅಮೋನಿಯಾ ಬೀಳುವುದಿಲ್ಲ. ಆದರೆ ಇಂಥ ಒಂದೊಂದು ಅನಿಲವೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ತನಗೆ ಒಗ್ಗಿದ ಪಾಲನ್ನು ಮಾತ್ರ ನುಂಗುತ್ತದೆ. ಆ ಗುರುತು ಹಿಡಿಯುವ ಕ್ಯಾಮೆರಾ ಬಂದರೂ ಪ್ರಶ್ನೆ ಉಳಿಯಿತು: ಪರೀಕ್ಷೆ ಮಾಡುವುದು ಹೇಗೆ? 1984ರ ಭೋಪಾಲ್ ನೋಡಿದ ಮೇಲೆ ಊರ ಮಧ್ಯೆ ವಿಷಾನಿಲ ಬಿಡಿ ಎನ್ನುವವರು ಯಾರೂ ಇಲ್ಲ, ಅಲ್ವಾ?

ಹಾಗಾಗಿ ಊರನ್ನೇ ಕಂಪ್ಯೂಟರಿನಲ್ಲಿ ಕಟ್ಟಿದರು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ 1980ರ ದಶಕದ ಕೊನೆಗೆ ಶುರುವಾದ 'ಡರ್ಸಿಗ್' ಎಂಬ ಪ್ರೋಗ್ರಾಂ ಇಂಥವುಗಳಲ್ಲಿ ಹಳೆಯದು. ಮನೆ, ಮರ, ರಸ್ತೆ ಇಟ್ಟು, ಯಾವುದು ಎಷ್ಟು ಕಾಯುತ್ತದೆ ಎಂದು ಲೆಕ್ಕ ಹಾಕಿ, ಮೇಲಿನಿಂದ ತೆಗೆದ ಫೋಟೋದಂಥ ಚಿತ್ರ ಕೊಡುತ್ತದೆ. ಅದರಲ್ಲಿ ಅನಿಲ ಬಿಟ್ಟರೆ ಯಾರಿಗೂ ಕೆಮ್ಮು ಬರುವುದಿಲ್ಲ.

ಕಷ್ಟ ಇರುವುದು ಆ ಅನಿಲದ ಆಕಾರದಲ್ಲಿ. ಪ್ಯಾಸ್ಕ್ವಿಲ್ ದರ್ಜೆ ಹಾಕಿ ಲೆಕ್ಕ ಮಾಡುವ ಹಳೆಯ ಸೂತ್ರದಿಂದ ಬರುವುದು ನುಣುಪಾದ ಶಂಕು. ಅದು ಸುಮಾರು ಹೊತ್ತಿನ ಸರಾಸರಿ, ಅಷ್ಟೇ. ಒಂದು ಕ್ಷಣದ ಫೋಟೋದಲ್ಲಿ ಅನಿಲ ಹರಿದ ಹತ್ತಿಯಂತೆ ತುಂಡು ತುಂಡಾಗಿರುತ್ತದೆ. ಊರೊಳಗೆ ಇನ್ನೂ ಕೆಟ್ಟದು. ಗೋಡೆಗೆ ಗಾಳಿ ಬಡಿದು ತಿರುಗುತ್ತದೆ, ಕಟ್ಟಡದ ಹಿಂದೆ ಅನಿಲ ಸುಳಿಯಾಗಿ ನಿಲ್ಲುತ್ತದೆ.

2015ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್ ಹತ್ತಿರದ ಅಲಿಸೊ ಕ್ಯಾನ್ಯನ್‌ನಲ್ಲಿ ಗ್ಯಾಸ್ ಬಾವಿ ಸೋರಿತು. ನಿಂತದ್ದು ಫೆಬ್ರವರಿಯಲ್ಲಿ. ಅಷ್ಟರಲ್ಲಿ ಸುಮಾರು 1 ಲಕ್ಷ ಟನ್ ಮೀಥೇನ್ ಹೋಗಿತ್ತು. ನಾಸಾದ ಉಪಗ್ರಹವೊಂದು ಅದನ್ನು ಮೇಲಿನಿಂದಲೇ ಹಿಡಿಯಿತು. ಆಮೇಲೆ ಸೋರಿಕೆ ಹುಡುಕುವ ಕೆಲಸ ಕಂಪ್ಯೂಟರಿಗೂ ಬಂತು. ಅದಕ್ಕೆ ಕಲಿಸಲು ಸಾವಿರಾರು ಮಾದರಿ ಬೇಕು, ನಿಜವಾದವು ಅಷ್ಟು ಸಿಗುವುದಿಲ್ಲ. ಅದಕ್ಕೇ ಈಗ ನಿಜವಾದ ಉಪಗ್ರಹ ಚಿತ್ರದ ಮೇಲೆ ಕಂಪ್ಯೂಟರಿನಲ್ಲಿ ಕಟ್ಟಿದ ಅನಿಲವನ್ನು ಅಂಟಿಸಿ ಕಲಿಸುತ್ತಾರೆ. ನನ್ನ ಮಟ್ಟಿಗೆ ಅನುಮಾನ ಇರುವುದೂ ಇಲ್ಲೇ. ಬರೀ ನುಣುಪು ಶಂಕು ನೋಡಿ ಕಲಿತದ್ದು ನಮ್ಮ ಓಣಿಯಲ್ಲಿ ದಿಕ್ಕು ತಪ್ಪುತ್ತದೆ.

ತಗಡಿನ ಸೂರನ್ನೇ ತಗೊಳ್ಳಿ. ಶಾಖ ನೋಡುವ ಕ್ಯಾಮೆರಾಗೆ ಹಿಂದಿರುವುದಕ್ಕಿಂತ ಬಿಸಿಯಾದ ಅನಿಲ ಬೆಳ್ಳಗೆ, ತಣ್ಣಗಿದ್ದರೆ ಕಪ್ಪಗೆ ಕಾಣುತ್ತದೆ. ಮಧ್ಯಾಹ್ನ 2ಕ್ಕೆ ಕಾದ ತಗಡಿನ ಮೇಲೆ ಕಪ್ಪಗಿದ್ದದ್ದು ಪಕ್ಕದ ನೆರಳಿನ ಓಣಿಯ ಮೇಲೆ ಬೆಳ್ಳಗಾಗಬಹುದು. ಸಂಜೆ ತಗಡು ಆರುತ್ತಾ ಬಂದು ಅದರ ಬಿಸಿಯೂ ಅನಿಲದ ಬಿಸಿಯೂ ಒಂದೇ ಆಯಿತೆನ್ನಿ, ಅನಿಲ ಅಲ್ಲೇ ಇದ್ದರೂ ಚಿತ್ರದಲ್ಲಿ ಬರೀ ತಗಡು.