ನೆರವಿನ ಹಣ ಬಂತು, ಹೋಯಿತು. ಕಲಿತ ಪಾಠ ಎಲ್ಲಿದೆ?

ಕರಾವಳಿಯಲ್ಲಿ ಈಗ ವಿಶ್ವಬ್ಯಾಂಕ್ ನೆರವಿನ ಕೆ-ಶೋರ್ ಯೋಜನೆಯ ಮಾತು. ಕಡಲತೀರ ಕಾಯುವ, ಪ್ಲಾಸ್ಟಿಕ್ ಮಾಲಿನ್ಯ ತಗ್ಗಿಸುವ ಯೋಜನೆ ಇದು. ಉತ್ತರ ಕನ್ನಡಕ್ಕೆ ಹೊರಗಿನ ದುಡ್ಡು ಹೊಸದೇನಲ್ಲ. ಬ್ರಿಟನ್, ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್, ಜಪಾನ್ ಎಲ್ಲವೂ ಬಂದು ಹೋಗಿವೆ. ಬಂದಾಗಲೆಲ್ಲ ಸಮೀಕ್ಷೆ ನಡೆದಿದೆ, ವರದಿ ಬರೆದಾಗಿದೆ. ಒಂದರ ಪಾಠ ಇನ್ನೊಂದಕ್ಕೆ ಎಷ್ಟು ದಾಟಿತು ಎಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಣ ಕೊಡುವವರು ಪುರಾವೆ ಕೇಳುವುದು ಹಳೆಯ ರೂಢಿ. 1969ರ ಸುಮಾರಿಗೆ ಅಮೆರಿಕದ ನೆರವಿನ ಸಂಸ್ಥೆ ಯುಎಸ್‌ಏಡ್, ಗುರಿ, ಕೆಲಸ, ಫಲ ಎಲ್ಲವನ್ನೂ ಒಂದೇ ಕೋಷ್ಟಕಕ್ಕೆ ತುಂಬುವ ಲಾಗ್‌ಫ್ರೇಮ್ ತಂದಿತು. 1991ರಲ್ಲಿ ದಾನಿ ದೇಶಗಳ ಕೂಟ ಮೌಲ್ಯಮಾಪನಕ್ಕೆ ಐದು ಮಾನದಂಡ ಇಟ್ಟಿತು. 2019ರಲ್ಲಿ ಆರನೆಯದು ಸೇರಿತು. ಈ ಯೋಜನೆ ಉಳಿದ ಯೋಜನೆಗಳ ಜೊತೆ ಹೊಂದುತ್ತದೆಯೇ ಎಂಬುದೇ ಆ ಆರನೆಯದು. ಇಷ್ಟು ಸಹಜ ಪ್ರಶ್ನೆ ಪಟ್ಟಿಗೆ ಸೇರಲು 28 ವರ್ಷ ಬೇಕಾಯಿತು!

ನಮ್ಮ ಕಾಡಿಗೆ ಬರೋಣ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ರಾಜ್ಯದ ಸಾಮಾಜಿಕ ಅರಣ್ಯ ಯೋಜನೆಗೆ ಹಣ ಕೊಟ್ಟವು. ಹಂಚಿದ ಸಸಿಗಳ ಲೆಕ್ಕ ಇತ್ತು. ನೀಲಗಿರಿಯೇ ಜಾಸ್ತಿಯಾಯಿತು, ಬಡವರ ಒಲೆಗೆ ಸೌದೆ ಬಂತೇ ಎಂಬ ಜಗಳ ಮಾತ್ರ ಮುಗಿಯಲಿಲ್ಲ. ಅದೇ ಕಾಲಕ್ಕೆ, 1983ರ ಸೆಪ್ಟೆಂಬರ್‌ನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಕಾಡು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡು ನಿಂತರು. ಊರವರನ್ನು ಬಿಟ್ಟು ಕಾಡಿನ ಕೆಲಸ ಸಾಗದು ಎಂಬುದು ಸ್ಪಷ್ಟವಾಯಿತು.

1990ರ ದಶಕದ ಆರಂಭದಲ್ಲಿ ಬ್ರಿಟನ್ ನೆರವಿನ ಪಶ್ಚಿಮಘಟ್ಟ ಅರಣ್ಯ ಮತ್ತು ಪರಿಸರ ಯೋಜನೆ ಈ ಜಿಲ್ಲೆಯಲ್ಲೇ ಶುರುವಾಯಿತು. 1993ರ ಏಪ್ರಿಲ್‌ನಲ್ಲಿ ಸರ್ಕಾರದ ಆದೇಶ ಬಂತು, ಊರವರು ಅರಣ್ಯ ಇಲಾಖೆಯ ಜೊತೆ ಸೇರಿ ಕಾಡು ನೋಡಿಕೊಳ್ಳುವ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಆದೇಶದಲ್ಲೊಂದು ಷರತ್ತು. ಮರಗಳ ನೆರಳು ಶೇ 25ಕ್ಕಿಂತ ಕಡಿಮೆ ಇರುವ ಕಾಡು ಮಾತ್ರ ಸಮಿತಿಗೆ. ಬಯಲುಸೀಮೆಗೆ ಇದು ಸರಿ. ಇಲ್ಲಿ? ಕಾಡು ಉಳಿಸಿಕೊಂಡ ಊರಿಗೆ ಪಾಲಿಲ್ಲ, ಬೋಳು ಬೆಟ್ಟ ಇದ್ದವರಿಗೆ ಸಮಿತಿ. ಅಂಥ ಬೆಟ್ಟಗಳಲ್ಲಿ ಅಕೇಶಿಯಾ ಎದ್ದಿತು. ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಎಣಿಸುವುದೂ ಸುಲಭ ಅಲ್ವಾ? ತೋಟಕ್ಕೆ ಬೇಕಾದ ಸೊಪ್ಪು, ದರಕು ಎಂಬ ಒಣ ಎಲೆ, ಮಳೆಗಾಲಕ್ಕೆ ಮುಂಚೆ ಆರಿಸುವ ಮುರುಗಲು (ಕೋಕಂ) ಹಣ್ಣು ಅಷ್ಟು ಸುಲಭವಾಗಿ ಕೋಷ್ಟಕಕ್ಕೆ ಇಳಿಯುವುದಿಲ್ಲ.

ವಿಚಿತ್ರವೆಂದರೆ ಊರವರೇ ಕಾಡು ಉಳಿಸಬಲ್ಲರು ಎಂಬ ಪುರಾವೆ ಕುಮಟೆಯ ಪಕ್ಕದಲ್ಲೇ ಇತ್ತು. ಹಳಕಾರದ ಗ್ರಾಮ ಅರಣ್ಯ ಪಂಚಾಯತಿ 1920ರ ದಶಕದ್ದು. ಕಾವಲುಗಾರನನ್ನು ಇಟ್ಟು, ಸೊಪ್ಪು ಸೌದೆಗೆ ನಿಯಮ ಮಾಡಿ, ಊರವರೇ ಕಾಡು ನೋಡಿಕೊಂಡರು. 1979ರಲ್ಲಿ ಇಂಥ ಪಂಚಾಯತಿಗಳನ್ನು ರದ್ದು ಮಾಡುವ ಆದೇಶ ಬಂದಾಗ ಕೋರ್ಟಿಗೆ ಹೋಗಿ ತಡೆ ತಂದರು. ಯಾರ ನೆರವೂ ಇಲ್ಲದೆ ಅರ್ಧ ಶತಮಾನ ದಾಟಿದ ವ್ಯವಸ್ಥೆ ಅದು. ಅಲ್ಲಿ ಕಾಡು ಉಳಿದದ್ದು ಊರಿಗೆ ಅದರ ಮೇಲೆ ಅಧಿಕಾರ ಇದ್ದುದರಿಂದ. ಯೋಜನೆಗಳ ಲೆಕ್ಕವೋ, ಅವು ಶುರುವಾದ ದಿನದಿಂದಲೇ ಶುರು. ಅದಕ್ಕೂ ಹಿಂದಿನ ಅನುಭವ ಅದರಲ್ಲಿ ಸೇರುವುದಿಲ್ಲ.

ಬ್ರಿಟನ್ನಿನ ಹಣ ನಿಂತ ಮೇಲೆ ಹಲವು ಸಮಿತಿಗಳು ಹೆಸರಿಗಷ್ಟೇ ಉಳಿದವು. 2005ರಲ್ಲಿ ಕಾಡಿನ ಕೆಲಸಕ್ಕೆ ಜಪಾನಿನ ಸಾಲ ಬಂದಾಗ ಮತ್ತೆ ಸಮಿತಿಗಳ ಮೂಲಕವೇ ಕೆಲಸ. ಈ ನಡುವೆ 1999ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲ ಒಪ್ಪಿತು. ಕಾರವಾರ, ಅಂಕೋಲಾ, ಭಟ್ಕಳ, ಶಿರಸಿ, ದಾಂಡೇಲಿ ಸೇರಿ ಹತ್ತು ಪಟ್ಟಣಗಳಿಗೆ ನೀರು, ಒಳಚರಂಡಿ. ಘಟ್ಟದ ಕಾಡಿನ ಫೈಲು ಒಂದು ಕಡೆ, ಅದೇ ಘಟ್ಟದಿಂದ ಇಳಿದು ಬರುವ ನೀರಿನ ಫೈಲು ಇನ್ನೊಂದು ಕಡೆ. ಹಣವೂ ಬೇರೆ, ಇಲಾಖೆಯೂ ಬೇರೆ. ಎರಡನ್ನೂ ಜೊತೆಗಿಟ್ಟು ಓದುವುದು ಯಾರ ಕೆಲಸವೂ ಆಗಿರಲಿಲ್ಲ.

ವರದಿಗಳು ದಾನಿಗಳ ಜೊತೆಗೇ ಹೋಗುತ್ತವೆ. ಬ್ರಿಟನ್ನಿನ ನೆರವಿನ ಇಲಾಖೆ 2020ರಲ್ಲಿ ವಿದೇಶಾಂಗ ಇಲಾಖೆಯೊಳಗೆ ಸೇರಿಹೋಯಿತು. 2025ರಲ್ಲಿ ಯುಎಸ್‌ಏಡ್ ಮುಚ್ಚುವಾಗ ದಶಕಗಳ ವರದಿಗಳಿದ್ದ ಅದರ ಆನ್‌ಲೈನ್ ಭಂಡಾರವೂ ಬಂದ್ ಆಯಿತು. ನಮಗೆ ಭಂಡಾರ ಬೇಕೆಂದರೆ ದೂರ ಹುಡುಕಬೇಕಿಲ್ಲ. ಶಿರಸಿಯಲ್ಲಿ ಅರಣ್ಯ ಕಾಲೇಜಿದೆ, ಕುಮಟೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರವಿದೆ. ಕೆ-ಶೋರ್‌ನ ಸಮೀಕ್ಷೆಗಳ ಒಂದೊಂದು ಪ್ರತಿ, ಕನ್ನಡದ ಸಾರಾಂಶದ ಜೊತೆ, ಮೊದಲ ವರ್ಷದಿಂದಲೇ ಅಲ್ಲಿಗೆ ತಲುಪಬೇಕೆಂದು ಒಪ್ಪಂದದಲ್ಲೇ ಬರೆಸಬಹುದು.