ಕಾಲ್ಡರನ ಸುರುಳಿ, ನಮ್ಮ 22 ಕ್ಯಾರೆಟ್

ಮಾಡರ್ನ್ ಆರ್ಟ್ ಡಿಸೈನ್ ಬೇಕು ಎಂದು ದಾವಣಗೆರೆಯಲ್ಲಿ ನನ್ನ ಬಳಿ ಬರುವವರು ಹೆಚ್ಚಾಗಿ ಮೊಬೈಲಿನಲ್ಲಿ ತೋರಿಸುವುದು ಡಚ್ ಚಿತ್ರಕಾರ ಮಾಂಡ್ರಿಯಾನನ ಚೌಕಗಳನ್ನು. ಕೆಂಪು, ಹಳದಿ, ನೀಲಿ, ನಡುವೆ ಕಪ್ಪು ಗೆರೆ. ಪೆಂಡೆಂಟಿನ ಮೇಲೆ ಅದನ್ನು ಮೀನಾಕಾರಿ (ಲೋಹದ ಮೇಲೆ ಬಣ್ಣ ತುಂಬುವ ಕೆಲಸ) ಮಾಡಿಸುವುದೇನೂ ಕಷ್ಟವಲ್ಲ. ಆದರೆ ಆ ಚಿತ್ರಗಳ ಜೀವ ಇರುವುದು ಖಾಲಿ ಬಿಟ್ಟ ಬಿಳಿ ಜಾಗದಲ್ಲಿ. ನಮ್ಮಲ್ಲಿ ಮೊದಲು ಹೋಗುವುದೇ ಅದು: "ಇಲ್ಲೊಂದು ಹರಳು ಕೂರಿಸ್ರಿ, ಬೋಳು ಕಾಣ್ತೈತಿ."

ಚಿತ್ರವನ್ನು ಹಾಗೇ ಚಿನ್ನಕ್ಕೆ ಇಳಿಸುವ ಬದಲು ಕಲಾವಿದನ ಕೈ ಹೇಗೆ ಓಡಿದೆ ಎಂದು ನೋಡಿ ಎನ್ನುತ್ತೇನೆ. ಗಾಳಿಗೆ ತೂಗುವ ಶಿಲ್ಪಗಳಿಗೆ ಹೆಸರಾದ ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ (1898–1976) ಸುಮಾರು 1,800 ಒಡವೆಗಳನ್ನೂ ಮಾಡಿದ. ಬಹುಪಾಲು ಹಿತ್ತಾಳೆ, ಬೆಳ್ಳಿ ತಂತಿಯವು. ಬೆಸುಗೆಯ ಗೋಜಿಗೆ ಅಷ್ಟಾಗಿ ಹೋಗದೆ ತಂತಿ ಸುತ್ತಿ, ಬಡಿದು, ಕೊಂಡಿ ಹಾಕಿ, ರಿವೆಟ್ ಹೊಡೆದು ಕೂಡಿಸುತ್ತಿದ್ದ.

ಇದು ಬರೀ ಶೋಕಿಯಲ್ಲ. ಕಾಯಿಸದೆ ಬಡಿದಷ್ಟೂ ತಂತಿ ಗಡುಸಾಗುತ್ತದೆ, ಸುರುಳಿಗೆ ಸ್ಪ್ರಿಂಗ್ ಬರುತ್ತದೆ. ಬೆಸುಗೆಯ ಕಾವು ತಾಗಿದರೆ ಅಲ್ಲಿ ಮತ್ತೆ ಮೆತ್ತಗಾಗುತ್ತದೆ. ಅದೇ ಸುರುಳಿಯನ್ನು 22 ಕ್ಯಾರೆಟ್‌ನಲ್ಲಿ ಮಾಡಿಸಿದರೆ, ಶೇ 91.6 ಚಿನ್ನವೇ ಇರುವುದರಿಂದ, ಎಷ್ಟು ಬಡಿದರೂ ಬಿಗಿ ಸಾಲದು; ಒಮ್ಮೆ ಸೆರಗಿಗೆ ಸಿಕ್ಕಿತೆಂದರೆ ಬಿಚ್ಚಿಕೊಳ್ಳುತ್ತದೆ. 18 ಕ್ಯಾರೆಟ್ ತಡೆಯುತ್ತದೆ. ಅದಕ್ಕೂ ಹಾಲ್‌ಮಾರ್ಕ್ ಸಿಗುತ್ತದೆ ಎಂದರೆ ಮನೆಯ ಹಿರಿಯರು ಮಾತ್ರ ಒಪ್ಪುವುದಿಲ್ಲ.

ತೂಗುವ ಓಲೆಯ ಲೆಕ್ಕ ಇನ್ನೂ ಚೆಂದ. ಕಡ್ಡಿಯ ಒಂದು ತುದಿಗೆ 3 ಗ್ರಾಂ ಎಲೆ, ಇನ್ನೊಂದಕ್ಕೆ 1 ಗ್ರಾಂ ಎಲೆ ಎಂದಿಟ್ಟುಕೊಳ್ಳಿ. ದೊಡ್ಡದು ಕೊಂಡಿಯಿಂದ 8 ಮಿ.ಮೀ. ದೂರದಲ್ಲಿದ್ದರೆ ಚಿಕ್ಕದು 24 ಮಿ.ಮೀ. ದೂರಕ್ಕೆ ಹೋಗಬೇಕು. ಕಡ್ಡಿಗೂ ತೂಕ ಇರುವುದರಿಂದ ಕೊಂಡಿಯ ಜಾಗವನ್ನು ಕೊನೆಗೆ ಕೈಯಲ್ಲೇ ಸರಿಸಿ ನೋಡಬೇಕು. ಪಾಲಿಶ್‌ನಲ್ಲಿ ಒಂದು ಎಲೆ ಹೆಚ್ಚು ಸವೆದರೂ ಓಲೆ ವಾಲುತ್ತದೆ. ಎರಡೂ ಕಡೆ ಒಂದೇ ಅಳತೆಯ ಎಲೆ ಹಾಕಿದರೆ ಸುಲಭ, ನಿಜ. ನೋಡಲು ಸಪ್ಪೆ.

ತಕರಾರು ಬರುವುದು ಬಿಲ್ಲಿನಲ್ಲಿ. ಗ್ರಾಂ ಕಡಿಮೆ, ಮಜೂರಿ ಜಾಸ್ತಿ. ಮಾರಲು ಹೋದರೆ ಸಿಗುವುದು ಚಿನ್ನದ ಬೆಲೆಯಷ್ಟೇ. ಆಪತ್ಕಾಲಕ್ಕೆ ಎಂದು ಒಡವೆ ಮಾಡಿಸುವವರಿಗೆ ಇದು ಬೇಡವೇ ಬೇಡ, ಗುಂಡಿನ ಸರವೇ ವಾಸಿ. ಹಾಕಿಕೊಳ್ಳುವ ಆಸೆಗೆ ಮಾಡಿಸುವವರು ಮೊದಲು ಹಿತ್ತಾಳೆಯಲ್ಲಿ ಮಾಡಿಸಿ, ಒಂದು ವಾರ ಹಾಕಿಕೊಂಡು ಓಡಾಡಿ. ಕಿವಿಗೆ ಹೋಗುವ ಕೊಕ್ಕೆಯೊಂದು ಮಾತ್ರ ಬೆಳ್ಳಿಯದೋ ಚಿನ್ನದ್ದೋ ಇರಲಿ. ಹಿತ್ತಾಳೆ ಕೆಲವರ ಕಿವಿಗೆ ಆಗಿಬರುವುದಿಲ್ಲ.